ಅಕ್ಕನ ಲ್ಯಾಪ್‌ಟಾಪಿಗೆ ಆಯುಧಪೂಜೆ

ಕೆಟ್ಟ ಯಂತ್ರದ ಮುಂದೆ ಕೂತವನಿಗೆ ಜ್ಞಾನಕ್ಕಿಂತ ತಾಳ್ಮೆ ಮುಖ್ಯ. ಹೀಗೆಂದು ಮಕ್ಕಳಿಗೆ ವರ್ಷಗಟ್ಟಲೆ ಪಾಠ ಹೇಳಿದ್ದೇನೆ. ನನ್ನಲ್ಲಿ ಎರಡೂ ಅಷ್ಟಕ್ಕಷ್ಟೆ.

ಆಗ ನಾನು ಹುಣಸೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ಶಾಲೆಗೆ ಕಂಪ್ಯೂಟರ್ ಬಂದಾಗ ರಟ್ಟಿನ ಪೆಟ್ಟಿಗೆ ಬಿಚ್ಚಿದವನು ನಾನೇ ಆದ್ದರಿಂದ ಕಂಪ್ಯೂಟರ್ ಪಂಡಿತನೆಂದು ಹೆಸರಾಗಿತ್ತು. ಆ ಹೆಸರನ್ನು ಎಲ್ಲರಿಗಿಂತ ಮೊದಲು ನಂಬಿದವನೂ ನಾನೇ.

ದಸರಾ ರಜೆ ಮುಗಿಯುತ್ತಿದ್ದ ಒಂದು ಭಾನುವಾರ ಹನಗೋಡಿನಿಂದ ಅಕ್ಕ ಫೋನ್ ಮಾಡಿದಳು. ಅವಳು ಅಲ್ಲಿ ಪ್ರೈಮರಿ ಶಾಲೆಯ ಟೀಚರ್, ಅಂಚೆ ಮೂಲಕ ಎಂ.ಎ. ಕಟ್ಟಿದ್ದಳು. ಆ ಸುತ್ತಿನ ಬೇಸಾಯದ ಪದಗಳ ಮೇಲೆ ಬರೆದ ಕಿರುಪ್ರಬಂಧವಿಡೀ ಅವಳ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿತ್ತು, ಬೇರೆಲ್ಲೂ ಇರಲಿಲ್ಲ. ಲ್ಯಾಪ್‌ಟಾಪು ಬೆಳಿಗ್ಗೆಯಿಂದ ಕಪ್ಪು ಪರದೆಯ ಮೇಲೆ ಇಂಗ್ಲಿಷಿನ ಒಂದು ಸಾಲು ತೋರಿಸಿ ಸುಮ್ಮನಾಗುತ್ತಿತ್ತು.

“ಪ್ರಬಂಧ ಕೊಡೋಕೆ ಬುಧವಾರ ಕೊನೇ ದಿನ ಕಣೋ. ತಪ್ಪಿದ್ರೆ ಇನ್ನೊಂದು ವರ್ಷ,” ಎಂದಳು.

ಪತ್ರಿಕೆಯೊಂದರ ಜೊತೆ ಬಂದಿದ್ದ ಲಿನಕ್ಸ್ ಸೀಡಿಯನ್ನು ಬ್ಯಾಗಿಗೆ ಹಾಕಿಕೊಂಡು ಸೋಮವಾರ ಮೊದಲ ಬಸ್ಸು ಹತ್ತಿದೆ. ಕಂಪ್ಯೂಟರಿನ ಸ್ವಂತ ತಲೆ ಕೆಟ್ಟಿದ್ದರೂ ಆ ಸೀಡಿಯಿಂದಲೇ ಅದನ್ನು ಎಬ್ಬಿಸಿ, ಒಳಗಿರುವ ಫೈಲುಗಳನ್ನು ಪೆನ್ ಡ್ರೈವಿಗೆ ತುಂಬಿಕೊಳ್ಳಬಹುದಿತ್ತು. ಹನಗೋಡಿನಲ್ಲಿ ಕರೆಂಟು ಹನ್ನೆರಡಕ್ಕೆ ಹೋಗುತ್ತಿತ್ತು, ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಸತ್ತಿತ್ತು. ನನಗೇನೂ ಚಿಂತೆಯಿರಲಿಲ್ಲ.

“ಎರಡೇ ನಿಮಿಷ, ಭಾವ,” ಎಂದು, ಅಕ್ಕನ ಮನೆ ಮುಟ್ಟಿದವನೇ ಲ್ಯಾಪ್‌ಟಾಪಿನ ತಟ್ಟೆ ಎಳೆದು ಸೀಡಿ ಕೂರಿಸಿದೆ. ಒಳಗೆ ಕಿರ್‌ಕಿರ್ ಎಂದು ತಿರುಗಿ, ಮತ್ತೆ ಅದೇ ಸಾಲು. ಸೆಟ್ಟಿಂಗಿಗೆ ಹೋಗಿ ಮೊದಲು ಸೀಡಿ, ಆಮೇಲೆ ಹಾರ್ಡ್ ಡಿಸ್ಕ್ ಎಂದು ಸರದಿ ಬದಲಿಸಿದೆ. ಅದೇ ಸಾಲು. ತಳದ ಸ್ಕ್ರೂ ಬಿಚ್ಚಿ, ಮೆಮೊರಿ ಪಟ್ಟಿ ತೆಗೆದು, ಅಕ್ಕನ ರಬ್ಬರಿನಿಂದ ಉಜ್ಜಿ, ಯಾಕೆ ಉಜ್ಜಿದೆನೆಂದು ಇಬ್ಬರಿಗೂ ವಿವರಿಸುತ್ತಲೇ ಮೂರನೇ ಸಲ ತಟ್ಟೆ ಎಳೆದು ಸೀಡಿ ಕೂರಿಸಿ ಮುಚ್ಚಿದೆ. ಅದೇ ಸಾಲು.

“ಆಯ್ತಾ ಎಲ್ಡು ನಿಮ್ಸ?” ಎಂದರು ಭಾವ.

“ಹೋಯ್ತೇನೋ ಎಲ್ಲಾ?” ಅಕ್ಕನ ದನಿ ಸಣ್ಣಗಾಗಿತ್ತು.

“ಎಲ್ಲೂ ಹೋಗಿಲ್ಲ. ಸೀಡಿ ರಜೆಗೆ ಮುಂಚೆ ಶಾಲೇಲಿ ಓಡಿದೆ.”

“ಪೂಜೆ ಮಾಡಿರೋ ಮಿಸನ್ನು. ಅಂಗೆಲ್ಲ ಕೈ ಕೊಡಾಕಿಲ್ಲ ಬುಡು,” ಎಂದರು ಭಾವ.

“ಯಾವ ಪೂಜೆ?”

“ಆಯುಧಪೂಜೆ ಕಣಯ್ಯ. ಪಂಪ್‌ಸೆಟ್ಟು, ಟಿಲ್ಲರ್ರು, ಬೈಕು ಎಲ್ಲಕ್ಕೂ ಇಕ್ಕಿ ಇದೊಂದ್ನ ಬುಡಾಕಾಯ್ತದಾ? ಮ್ಯಾಲಿಕ್ಕುದ್ರೆ ಕಲೆ ಆಯ್ತದೆ ಅಂತ ನಿಮ್ಮಕ್ಕ ಬೈತಾಳೆ. ಅದ್ಕೆ ಆ ತಟ್ಟೆ ಈಚೆಗ್ ಎಳ್ದು, ಅದ್ರ ಕಣ್ಗೇ ಒಂದ್ ಬೊಟ್ಟು ಗಂಧ, ಅದ್ರ ಮ್ಯಾಲೆ ಕುಂಕ್ಮ ಇಕ್ದೆ.”

ತಟ್ಟೆ ಎಳೆದು ನೋಡಿದೆ. ಲ್ಯಾಪ್‌ಟಾಪಿನಲ್ಲಿ ಸೀಡಿ ಓದುವ ಪುಟ್ಟ ಗಾಜಿನ ಕಣ್ಣು ತಟ್ಟೆಯ ಮೇಲೇ ಇರುತ್ತದೆ. ಅದರ ನಡುಮಧ್ಯದಲ್ಲಿ, ಒಣಗಿ ಗಟ್ಟಿಯಾಗಿ, ಸೊಗಸಾದ ಕೆಂಪು ಬೊಟ್ಟು.

“ಏನ್ರೀ, ನನ್ನ ಎಂ.ಎ.ಗೇ ಬೊಟ್ಟಿಟ್ರಾ?” ಎಂದಳು ಅಕ್ಕ.

“ಮೂರ್ ಕಿತ ತಗ್ದು ಮುಚ್ಚುದ್ನಲ್ಲ ನಿನ್ ತಮ್ಮ, ಅವ್ನಿಗ್ ಕಾಣ್ನಿಲ್ವಾ?”

ಮೂರು ಸಲವೂ ನಾನು ವಿವರಣೆ ಕೊಡುತ್ತಿದ್ದೆನೇ ಹೊರತು ತಟ್ಟೆಯ ಕಡೆ ನೋಡುತ್ತಿರಲಿಲ್ಲ.

ಗಾಯಕ್ಕೆಂದು ಇಟ್ಟಿದ್ದ ಸ್ಪಿರಿಟ್ಟನ್ನು ಭಾವನೇ ತಂದುಕೊಟ್ಟರು. ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಮಗುವಿನ ಕಣ್ಣು ಒರೆಸುವಷ್ಟು ಮೆಲ್ಲಗೆ ಬೊಟ್ಟು ತೆಗೆದೆ. ಸೀಡಿ ತಿರುಗಿತು, ಪರದೆಯ ಮೇಲೆ ಅಕ್ಷರಗಳು ಸರಸರ ಓಡಿದವು, ಲಿನಕ್ಸ್ ಎದ್ದು ಕೂತಿತು. ಪ್ರಬಂಧದ ಫೋಲ್ಡರು ಇದ್ದಲ್ಲೇ ಇತ್ತು. ಅಕ್ಕ ತಡೆಯಲಾರದೆ ಮೊದಲ ಅಧ್ಯಾಯ ತೆರೆಸಿದಳು. ಕನ್ನಡದ ಜಾಗದಲ್ಲಿ ಇಂಗ್ಲಿಷಿನ ಅಕ್ಷರಗಳು, ಕೊಕ್ಕೆಗಳು, ಸೊಟ್ಟ ಗೆರೆಗಳು.

“ಅಯ್ಯೋ! ಇದೇನೋ ಇದು?”

“ನಿನ್ನ ಫಾಂಟು ಈ ಸೀಡೀಲಿ ಇಲ್ಲ, ಅಷ್ಟೇ. ಹುಣಸೂರಲ್ಲಿ ತೆಗೆದ್ರೆ ಕನ್ನಡವೇ ಬರುತ್ತೆ.”

ಬೆಳಿಗ್ಗೆಯಿಂದ ನಾನು ಆಡಿದ ಮಾತುಗಳಲ್ಲಿ ಪೂರ್ತಿ ಸರಿಯಾದದ್ದು ಅದೊಂದೇ. ಅಕ್ಕ ನಂಬಲಿಲ್ಲ. ಫೈಲುಗಳು ಪೆನ್ ಡ್ರೈವಿಗೆ ಹೋಗುವವರೆಗೂ ಗೋಡೆ ಗಡಿಯಾರವನ್ನೂ ನನ್ನನ್ನೂ ಸರದಿಯಂತೆ ದುರುಗುಟ್ಟಿಕೊಂಡು ನಿಂತಿದ್ದಳು. ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಕೊನೆಯ ಫೈಲು ಮುಗಿಯಿತು.

ಮಂಗಳವಾರ ಹುಣಸೂರಿನಲ್ಲಿ ಪ್ರಿಂಟು ತೆಗೆಸಿದೆವು, ಕನ್ನಡವೇ ಬಂತು. ಬುಧವಾರ ಅಕ್ಕ ಮೈಸೂರಿಗೆ ಹೋಗಿ ಪ್ರಬಂಧ ಸಲ್ಲಿಸಿದಳು. ಎರಡನೇ ದರ್ಜೆಯಲ್ಲಿ ಪಾಸಾದಳು.