ಇಂಗ್ಲಿಷ್ ಪರೀಕ್ಷೆಗೆ ಮಾಡಿದ ಬಾಯಿಪಾಠ

ಮಿರಜಿನ ಒಂದು ಆಸ್ಪತ್ರೆಯ ನರ್ಸ್ ತರಬೇತಿಗೆ ಅರ್ಜಿ ಹಾಕಿದಾಗ ನನಗೆ ಹದಿನೆಂಟು ವರ್ಷ. ಕರಜಗಿಯಲ್ಲಿ ಕನ್ನಡ ಏಳನೆಯ ಇಯತ್ತೆ ಮುಗಿಸಿ, ಜತ್ತಿನಲ್ಲಿ ಅಜ್ಜಿಯ ಮನೆಯಲ್ಲಿದ್ದು ಎರಡು ವರ್ಷ ಇಂಗ್ಲಿಷ್ ಕಲಿತು ಊರಿಗೆ ಮರಳಿದ್ದೆ. ಆಸ್ಪತ್ರೆಯಿಂದ ಟೈಪು ಮಾಡಿದ ಕಾಗದ ಬಂತು. ಎಂಟು ದಿನಕ್ಕೆ ಇಂಗ್ಲಿಷ್ ಪರೀಕ್ಷೆ ಎಂಬುದಷ್ಟೇ ತಿಳಿಯಿತು. ಏನೇನು ಕೇಳುತ್ತಾರೆಂದು ತಿಳಿಯಲಿಲ್ಲ.

ಅಪ್ಪ ನನ್ನನ್ನು ದವಾಖಾನೆಯ ಕಂಪೌಂಡರ್ ಕಾಕಾನ ಬಳಿ ಕರೆದೊಯ್ದರು. ಊರಲ್ಲಿ ಇಂಗ್ಲಿಷ್ ಬಲ್ಲವರು ಅವರೊಬ್ಬರೇ. ಹೆಚ್ಚಿನದನ್ನು ಔಷಧದ ಬಾಟಲಿಗಳ ಚೀಟಿ ಓದಿಯೇ ಕಲಿತಿದ್ದರು.

"ಮೂರು ಭಾಗ ಅದಾವ್ರಿ," ಎಂದು ಕಾಗದ ಓದಿ ಅಪ್ಪನಿಗೆ ಹೇಳಿದರು. "ಮೊದಲನೇದು ಶುದ್ಧಲೇಖನ. ಅವರು ಹೇಳ್ತಾರ, ಇಕಿ ಬರೀಬೇಕು. ಕಡೀದು ಮಾತಾಡೂದು."

"ನಡುವಿಂದು, ಕಾಕಾ?" ಎಂದೆ ನಾನು.

ಅಲ್ಲಿ ‘ಕಾಂಪ್ರಿಹೆನ್ಷನ್’ ಎಂದಿತ್ತು. ಆ ಶಬ್ದದ ಮೇಲೆ ಬೆರಳಿಟ್ಟು ಬಹಳ ಹೊತ್ತು ಕುಳಿತರು. ಬಾಗಿಲಲ್ಲಿ ಮಾಡಗ್ಯಾಳದ ಕುರುಬನೊಬ್ಬ ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ಕಾಯುತ್ತಿದ್ದ.

"ಅದು ಬಾಯಿಪಾಠ ಇರಬೇಕು, ತಂಗಿ. ಪುಸ್ತಕದಾಗಿನ ಪಾಠ ನೋಡದ ಬರೀಬೇಕು."

ಎಂಟು ದಿನ ನನ್ನ ಇಂಗ್ಲಿಷ್ ಪುಸ್ತಕದಲ್ಲಿದ್ದ ಎತ್ತಿನ ಪಾಠವನ್ನು ಬಾಯಿಪಾಠ ಮಾಡಿದೆ. ಅವ್ವ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಅವಳಿಗೆ ಒಂದಕ್ಷರವೂ ತಿಳಿಯದು, ಆದರೆ ನಾನು ತಡವರಿಸಿದರೆ "ಮತ್ತೊಮ್ಮಿ ಅನ್ನು" ಎನ್ನುತ್ತಿದ್ದಳು.

ಮಿರಜಿನಲ್ಲಿ ಶುದ್ಧಲೇಖನವನ್ನು ಹೇಗೋ ಬರೆದೆ. ಎರಡನೆಯ ಕಾಗದದಲ್ಲಿ ಬೆಂಕಿ ಬಿದ್ದ ಹಡಗೊಂದರ ಕತೆಯಿತ್ತು, ಕೆಳಗೆ ಪ್ರಶ್ನೆಗಳು. ಅಕ್ಕಪಕ್ಕದ ಹುಡುಗಿಯರು ಕತೆ ಓದಿ ಉತ್ತರ ಬರೆಯತೊಡಗಿದರು. ಓದಿ ತಿಳಿದುಕೊಳ್ಳುವುದೇ ಪರೀಕ್ಷೆಯೆಂದು ನನಗೆ ಆಗ ಗೊತ್ತಾಯಿತು. ಕತೆಯನ್ನು ಮೂರು ಸಲ ಓದಿದೆ. ಅರ್ಧಕ್ಕರ್ಧ ಶಬ್ದಗಳು ಗೊತ್ತಿರಲಿಲ್ಲ. ಕೊನೆಗೆ ಬೇರೇನೂ ತೋಚದೆ, ಬಾಯಿಪಾಠ ಮಾಡಿದ್ದ ಎತ್ತಿನ ಪಾಠವನ್ನು ಒಂದೂ ತಪ್ಪಿಲ್ಲದೆ ಬರೆದಿಟ್ಟೆ.

ಮಾತಿನ ಪರೀಕ್ಷೆಗೆ ಒಳಗೆ ಕರೆದ ಹೆಂಗಸು ಇಂಗ್ಲಿಷಿನಲ್ಲಿ ಏನೋ ಕೇಳಿದರು. ನನಗೆ ಅರ್ಥವಾಗಲಿಲ್ಲ. ಅವರು ನನ್ನ ಕಾಗದ ನೋಡಿ, ಎತ್ತಿನ ಬಗ್ಗೆ ಯಾಕೆ ಬರೆದೆ ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದರು. ಮರಾಠಿ ನನಗೆ ಚೆನ್ನಾಗಿಯೇ ಬರುತ್ತಿತ್ತು. ಆದರೂ ಕಾಕಾ ಹೇಳಿದ್ದೆಂದು ಹೇಳಲು ಮನಸ್ಸಾಗಲಿಲ್ಲ.

ಆಯ್ಕೆಯಾಗಲಿಲ್ಲ. ಸುದ್ದಿ ತಿಳಿದು ಕಾಕಾ ತಾವೇ ಮನೆಗೆ ಬಂದರು.

"ಆ ಶಬ್ದ ನನಗ ಗೊತ್ತಿರಲಿಲ್ರಿ," ಎಂದು ಅಪ್ಪನಿಗೆ ಹೇಳಿದರು. "ಗೊತ್ತಿಲ್ಲ ಅನ್ನಾಕ ನಾಚಿಕಿ ಬಂತು."

"ಇರ್ಲಿ ಬಿಡ್ರಿ. ಒಳಗ ಬರ್ರಿ, ಕುಂದ್ರಿ," ಎಂದರು ಅಪ್ಪ.

ಅವರು ಕೂರಲಿಲ್ಲ.

ಮರುವರ್ಷ ಮತ್ತೆ ಅರ್ಜಿ ಹಾಕುವೆನೆಂದುಕೊಂಡಿದ್ದೆ. ಅಷ್ಟರಲ್ಲಿ ಸೊರಡಿಯ ಮನೆತನವೊಂದರಲ್ಲಿ ನನ್ನ ಮದುವೆ ಗೊತ್ತಾಯಿತು. ಯಾರೂ ಒತ್ತಾಯ ಮಾಡಲಿಲ್ಲ. ಮತ್ತೆ ಬರೆದರೂ ಪಾಸಾದೇನೆಂಬ ನಂಬಿಕೆ ನನಗೇ ಇರಲಿಲ್ಲ, ಬೇಡವೆನ್ನಲು ನನ್ನ ಬಳಿ ಬೇರೆ ಕಾರಣವೂ ಉಳಿದಿರಲಿಲ್ಲ.