ಮುಂಬಾಗಿಲಿನಿಂದ ಬನ್ನಿ, ಡಾಕ್ಟ್ರೇ

ನಮ್ಮೂರು ಹಾರ್ಲನ್ಸ್ ಲ್ಯಾಂಡಿಂಗಿನಲ್ಲಿ ಬೆನ್ನುಮೂಳೆ ಕೂರಿಸುವ ಹುಲ್ಡಾ ರೀಮರಳ ಕೈಗೆ ಬೆನ್ನು ಕೊಡದವರು ಇಬ್ಬರೇ ಇದ್ದರು. ಒಬ್ಬ ಬ್ಯಾಂಕಿನ ಮ್ಯಾನೇಜರು. ಆತ ಸತ್ತು ವರ್ಷವಾಯಿತು, ಅವನ ಬೆನ್ನಿನ ಮಾತು ಬಿಡಿ. ಇನ್ನೊಬ್ಬರು ಡಾಕ್ಟರ್ ಪ್ರೇಥರ್. ಆ ಒಂದು ಬೆನ್ನಿಗಾಗಿ ಹುಲ್ಡಾ ಎರಡೂಕಾಲು ವರ್ಷ ಕಾದಳು. ಪ್ರೀತಿಯಿಂದ ಕಾದಳು ಎಂದು ಯಾರೂ ತಪ್ಪು ತಿಳಿಯಬೇಡಿ. ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡು ಕಾದಳು.

ಹುಲ್ಡಾ ದೊಡ್ಡ ಮನೆತನದವಳಲ್ಲ. ಅಪ್ಪ ಮಿಸಿಸಿಪ್ಪಿ ನದಿಯಲ್ಲಿ ಚಿಪ್ಪು ಎತ್ತುತ್ತಿದ್ದ ಜರ್ಮನ್ ಮುದುಕ. ಹದಿನಾಲ್ಕಕ್ಕೆ ಇವಳು ಗುಂಡಿ ಕಾರ್ಖಾನೆ ಸೇರಿದಳು. ಅಂಗಿಯ ಗುಂಡಿಗಳನ್ನು ನಮ್ಮೂರಲ್ಲಿ ನದಿಯ ಚಿಪ್ಪಿನಿಂದಲೇ ಕೊರೆಯುತ್ತಾರೆ. ದಿನವಿಡೀ ಬಗ್ಗಿ ನಿಂತು, ಒದ್ದೆ ಚಿಪ್ಪನ್ನು ಬಲಗೈಯಿಂದ ಗರಗಸಕ್ಕೆ ಒತ್ತಿ ಹಿಡಿಯಬೇಕು. ಆಮೇಲೆ ಕೊರೆದ ಬಿಲ್ಲೆಗಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ನೋಡದೆಯೇ ದಪ್ಪ ತೆಳು ಅಂತ ಬೇರ್ಪಡಿಸಬೇಕು. ಕೂದಲೆಳೆಯಷ್ಟು ವ್ಯತ್ಯಾಸವೂ ಹುಲ್ಡಾಳ ಬೆರಳಿಗೆ ಸಿಗುತ್ತಿತ್ತು. ಆದರೆ ಇಪ್ಪತ್ತಾರಕ್ಕೆ ಅವಳ ಬಲಗೈ ತಲೆ ಬಾಚುವಷ್ಟೂ ಮೇಲೇಳದಾಯಿತು. ಕತ್ತಿನಿಂದ ಕಿರುಬೆರಳಿನವರೆಗೆ ಜುಮ್ಮೆನ್ನುವ ನೋವು. ಡಾಕ್ಟರ್ ಪ್ರೇಥರ್ ಒಂದು ಕಹಿ ಕಷಾಯ ಕೊಟ್ಟು, "ಹೆಂಗಸ್ರ ನರದೌರ್ಬಲ್ಯ ಕಣಮ್ಮ, ಆರು ತಿಂಗ್ಳು ವಿಶ್ರಾಂತಿ ತಗೋ," ಅಂದರು. ಕೂಲಿಯ ಹುಡುಗಿಗೆ ಆರು ತಿಂಗಳು ವಿಶ್ರಾಂತಿಯಂತೆ!

ಡ್ಯಾವೆನ್‌ಪೋರ್ಟಿನಲ್ಲಿ ಬೆನ್ನುಮೂಳೆ ಕೂರಿಸುವವರಿದ್ದಾರೆ, ಆ ವಿದ್ಯೆಗೆ ಕೈರೋಪ್ರಾಕ್ಟಿಕ್ ಎನ್ನುತ್ತಾರೆ ಎಂದು ಯಾರೋ ಹೇಳಿದರು. ಹೋದಳು. ಅಲ್ಲೊಬ್ಬ ಗಡ್ಡದವನು ಕತ್ತಿನ ಬುಡದಲ್ಲಿ ಕೈಯಿಟ್ಟು ಲಟಕ್ಕೆನಿಸಿದ. ಐದು ವಾರ ಹೋಗಿ ಬಂದು ಮಾಡಿದಳು. ಆರನೇ ವಾರ ತನ್ನ ಜಡೆ ತಾನೇ ಹಾಕಿಕೊಂಡಳು. ಅಷ್ಟೇ, ತಾಯಿಯ ಹೊಲಿಗೆ ಯಂತ್ರ ಮಾರಿ ಅಲ್ಲೇ ಆ ವಿದ್ಯೆ ಕಲಿಸುವ ಶಾಲೆಗೆ ಸೇರಿದಳು. ಊರಿಗೆ ಬರುವಾಗ ಒಂದು ಉದ್ದನೆಯ ಮೇಜು ತಂದಳು. ಮುಖ ಇಡುವ ಕಡೆ ಅದರಲ್ಲಿ ಸಂದು ಇತ್ತು. ದೋಣಿಕಟ್ಟೆಯ ಕ್ಯಾಸ್ಪರ್ ಆ ಮೇಜನ್ನು ಹಡಗಿನಿಂದ ಮನೆಗೆ ಹೊತ್ತು ತಂದ, ಸೊಂಟ ಉಳುಕಿಸಿಕೊಂಡ, ಅದೇ ಮೇಜಿನ ಮೇಲೆ ಮೊದಲು ಮಲಗಿದ, ವರ್ಷದೊಳಗೆ ಅವಳ ಗಂಡನಾದ.

ಅವಳ ಮನೆಯಲ್ಲಿ ರೋಗಿ ಬಾಯಿಬಿಡುವ ಹಾಗಿರಲಿಲ್ಲ. "ಮಲಗಿ. ಏನಾಗಿದೆ ಅಂತ ನಾನ್ ಹೇಳ್ತೀನಿ," ಅನ್ನುತ್ತಿದ್ದಳು. ಬೋರಲು ಮಲಗಿದ ಮೇಲೆ ಅವಳ ಎರಡು ಬೆರಳು ಕತ್ತಿನಿಂದ ಸೊಂಟದವರೆಗೆ ಇಳಿಯುತ್ತಿದ್ದವು, ಹಿಂದೆ ಗುಂಡಿಗಳನ್ನು ಆರಿಸಿದ ಹಾಗೆಯೇ. ಗರಗಸದವರ ಹೆಗಲು, ಚಿಪ್ಪು ಎತ್ತುವವರ ಸೊಂಟ, ತೊಡೆಯಿಂದ ಹಿಮ್ಮಡಿಗೆ ಇಳಿಯುವ ನರದ ನೋವು, ಹಾಲು ಕರೆದು ಕರೆದು ಮರಗಟ್ಟಿದ ಮಣಿಕಟ್ಟು, ಇವೆಲ್ಲ ಅವಳಿಗೆ ಬೆರಳ ತುದಿಯಲ್ಲಿ ತಿಳಿಯುತ್ತಿದ್ದವು. ಜ್ವರ, ಗಂಟಲು ಅಂತ ಬಂದವರನ್ನು ಮಾತ್ರ, "ಇದು ನನ್ ಕೆಲ್ಸ ಅಲ್ಲ, ಡಾಕ್ಟ್ರ ಹತ್ರ ಹೋಗಿ," ಎಂದು ಕಳಿಸಿಬಿಡುತ್ತಿದ್ದಳು. ಇಷ್ಟಾದರೂ ಪ್ರೇಥರರ ಕಣ್ಣು ಕೆಂಪಾಗಿಯೇ ಇತ್ತು.

ಸಾವಿರದ ಒಂಬೈನೂರ ಹದಿನೆಂಟನೇ ಇಸವಿಯ ಶರತ್ಕಾಲದಲ್ಲಿ ಡಾಕ್ಟರ ಹೆಂಡತಿ ಕೋರಾ, ಟೋಪಿಯ ಬಲೆಯನ್ನು ಮುಖಕ್ಕೆ ಇಳಿಬಿಟ್ಟುಕೊಂಡು, ಬೆನ್ನುನೋವು ಅಂತ ಬಂದಳು. ಹುಲ್ಡಾ ಬೆರಳು ಆಡಿಸಿದಳು. ಏನೂ ಇಲ್ಲ, ಸೊಗಸಾದ ಬೆನ್ನು. ಆದರೆ ಆ ಹೆಂಗಸು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಪಾಪ, ಮನೆಯಲ್ಲಿ ಏನು ಕಷ್ಟವೋ ಎಂದು ಕನಿಕರಪಟ್ಟು ಹೆಗಲನ್ನು ನಾಲ್ಕು ಸಲ ನೀವಿ ಕಳಿಸಿದಳು. ಆ ನಾಲ್ಕು ಸಲ ನೀವಿದ್ದೇ ಸಾಕ್ಷಿಯಾಯಿತು. ಪರವಾನಗಿ ಇಲ್ಲದೆ ವೈದ್ಯ ಮಾಡಿದಳೆಂದು ಡಾಕ್ಟರು ದೂರು ಕೊಟ್ಟರು, ಹೆಂಡತಿ ಕೋರ್ಟಿನಲ್ಲಿ ತಲೆ ತಗ್ಗಿಸಿ ಹೌದೆಂದಳು. ದಂಡ ಕಟ್ಟಿ, ಇನ್ನು ಮುಂದೆ ವೈದ್ಯರ ಒಪ್ಪಿಗೆ ಇಲ್ಲದೆ ಯಾರ ಬೆನ್ನನ್ನೂ ಮುಟ್ಟುವುದಿಲ್ಲ ಎಂದು ಬರೆದುಕೊಟ್ಟರೆ ಮನೆಗೆ. ಇಲ್ಲವಾದರೆ ಆರು ತಿಂಗಳು ಜೈಲು.

ಈ ವಿದ್ಯೆಯವರಿಗೆಲ್ಲ ಆ ಕಾಲದಲ್ಲಿ ಒಂದೇ ಹಟ. ದಂಡ ಕಟ್ಟುವುದಿಲ್ಲ, ಬರೆದುಕೊಡುವುದಿಲ್ಲ, ಜೈಲಿಗೆ ಹೋಗುತ್ತೇವೆ. ಹುಲ್ಡಾ ಮೇಜನ್ನೂ ಜೊತೆಗೆ ಒಯ್ದಳು. ಜೈಲು ನೋಡಿಕೊಳ್ಳುತ್ತಿದ್ದ ಶೆರಿಫ್ ಸ್ಟ್ರೌಡ್ ತಲೆ ಕೆರೆದುಕೊಂಡ, ಆದರೆ ಅವನ ಹೆಂಡತಿಯ ಸೊಂಟ ಹಿಡಿದುಕೊಂಡಿತ್ತು. ಹಾಗಾಗಿ ಜೈಲಿನ ಅಂಗಳದಲ್ಲೇ ಸಾಲು ನಿಂತಿತು. ಊರು ನಕ್ಕಿತು, ಹುಲ್ಡಾನೂ ನಕ್ಕಳು. ಡಿಸೆಂಬರ್ ಬರುವವರೆಗೆ.

ಡಿಸೆಂಬರಿನಲ್ಲಿ, ಊರೂರನ್ನೇ ಬಾಚುತ್ತಿದ್ದ ಆ ಹಾಳು ಇನ್‌ಫ್ಲುಯೆಂಜಾ ಜ್ವರ ಕ್ಯಾಸ್ಪರನಿಗೆ ಬಡಿಯಿತು. ಶೆರಿಫನೇ ಡಾಕ್ಟರ ಮನೆಗೆ ಓಡಿದ. "ದೂರು ವಾಪಸ್ ತಗೊಳ್ಳಿ ಡಾಕ್ಟ್ರೇ, ಗಂಡನ ಪಕ್ಕ ಎರಡು ದಿನ ಕೂತ್ಕೊಳ್ಲಿ ಆಯಮ್ಮ." ಪ್ರೇಥರ್ ಕೈ ತೊಳೆಯುತ್ತಿದ್ದರಂತೆ. ತಿರುಗಿಯೂ ನೋಡದೆ ಅಂದರಂತೆ: "ಮೊದ್ಲು ಅವ್ಳು ಬರ್ಕೊಡ್ಲಿ."

ಶೆರಿಫ್ ಬಂದು ಕಾಗದ ಮುಂದಿಟ್ಟ. ಹುಲ್ಡಾ ಅದನ್ನು ನೋಡಿದಳು. ಹೊರಗೆ ಅಂಗಳದಲ್ಲಿ ಅವಳನ್ನೇ ನಂಬಿ ನಿಂತವರನ್ನೂ ನೋಡಿದಳು. "ನಾಳೆ ಹೇಳ್ತೀನಿ," ಅಂದಳು. ಮರುದಿನ ಬೆಳಗ್ಗೆ ಅವಳೇ ಬಾಗಿಲು ಬಡಿದು, "ಕಾಗ್ದ ಕೊಡು ಸ್ಟ್ರೌಡ್, ಎಲ್ಲಿ ಸಹಿ ಹಾಕ್ಬೇಕು ತೋರ್ಸು," ಅಂದಳು. ಶೆರಿಫ್ ಕಾಗದ ತರಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಕ್ಯಾಸ್ಪರ್ ರಾತ್ರಿಯೇ ಹೋಗಿಬಿಟ್ಟಿದ್ದ. ಹುಲ್ಡಾ ಆ ಬೆಳಗ್ಗೆ ಅಳಲಿಲ್ಲ. ಒಂದು ರಾತ್ರಿಯ ಹಟಕ್ಕೆ ತನ್ನನ್ನೂ, ಮೂರು ಮಾತಿಗೆ ಪ್ರೇಥರರನ್ನೂ ಅವಳು ಕ್ಷಮಿಸಲಿಲ್ಲ. ತನ್ನನ್ನು ಶಿಕ್ಷಿಸಿಕೊಳ್ಳುವುದು ಸುಲಭವಿತ್ತು. ಆ ಮನುಷ್ಯನನ್ನು ಶಿಕ್ಷಿಸುವುದು ಹೇಗೆಂದು ಜೈಲಿನ ಉಳಿದ ತಿಂಗಳುಗಳಲ್ಲಿ ಯೋಚಿಸಿದಳು.

ಹೊರಬಂದವಳು ಕೋರ್ಟಿನ ತೀರ್ಪಿಗೆ ಚೌಕಟ್ಟು ಹಾಕಿಸಿ ಮೇಜಿನ ಎದುರು ತೂಗುಹಾಕಿದಳು. 'ಈ ಕೌಂಟಿಯ ಪರವಾನಗಿ ಪಡೆದ ವೈದ್ಯರ ಲಿಖಿತ ಒಪ್ಪಿಗೆ ಇಲ್ಲದೆ ಯಾರ ಬೆನ್ನನ್ನೂ ಮುಟ್ಟತಕ್ಕದ್ದಲ್ಲ.' ಅದರ ಕೆಳಗೇ ಊರಿನವರ ಬೆನ್ನನ್ನೆಲ್ಲ ಮುಟ್ಟಿದಳು. ಯಾರೂ ದೂರು ಕೊಡಲಿಲ್ಲ, ಶೆರಿಫ್ ಆ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟ.

ಇಪ್ಪತ್ತೊಂದನೇ ಇಸವಿಯ ಮಾರ್ಚ್. ಬೆನ್ನುಮೂಳೆಯವರಿಗೂ ಪರವಾನಗಿ ಕೊಡಬೇಕೋ ಬೇಡವೋ ಎಂದು ರಾಜಧಾನಿಯಲ್ಲಿ ಶಾಸಕರ ಸಮಿತಿ ಮಂಗಳವಾರ ಕೂರುವುದಿತ್ತು. ಬೇಡವೆಂದು ವಾದಿಸಲು ಡಾಕ್ಟರುಗಳೆಲ್ಲ ಸೇರಿ ಆರಿಸಿದ್ದು ಪ್ರೇಥರರನ್ನೇ. ಅವರು ಗೆದ್ದರೆ ಹುಲ್ಡಾಳ ಮೇಜು ಒಲೆಗೆ. ಅದಕ್ಕೆ ಹಿಂದಿನ ಬುಧವಾರ, ಬೆಳಗಿನ ಚಳಿಯಲ್ಲಿ ಪ್ರೇಥರ್ ತಮ್ಮ ಮೋಟಾರು ಕಾರು ಚಾಲೂ ಮಾಡಲು ಮುಂದಿನ ಹಿಡಿಕೆ ತಿರುಗಿಸುತ್ತಿದ್ದಾಗ ಅದು ತಿರುಗಿ ಒದೆಯಿತು. ಮನುಷ್ಯ ಬಗ್ಗಿದವರು ಬಗ್ಗಿದ ಹಾಗೇ ಉಳಿದರು.

ಗುರುವಾರ ಕೋರಾ ಹಿತ್ತಿಲ ಬಾಗಿಲಿಗೆ ಬಂದಳು. ಈ ಸಲ ಮುಖಕ್ಕೆ ಬಲೆ ಇರಲಿಲ್ಲ.

"ನೆಲದ ಮೇಲೇ ಬಿದ್ದಿದ್ದಾರೆ ಹುಲ್ಡಾ. ಪಟ್ಟಿ ಹಾಕಿದ್ರು, ಸೂಜಿ ಚುಚ್ಕೊಂಡ್ರು, ಏನೂ ಆಗ್ತಿಲ್ಲ. ಎಡಗಾಲು ಉರಿಯುತ್ತಂತೆ."

"ಕಾಲ್ಬೆರಳು ಆಡಿಸ್ತಾರಾ? ಉಚ್ಚೆ ಸರಿಯಾಗಿ ಹೋಗುತ್ತಾ?"

"ಹೂಂ, ಎರಡೂ ಸರಿಯಾಗಿದೆ."

"ಹಾಗಾದ್ರೆ ಸಾಯಲ್ಲ ಬಿಡಿ." ಹುಲ್ಡಾ ಬ್ರೆಡ್ಡಿನ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ಇಲ್ಲಿಗ್ಯಾಕೆ ಬಂದ್ರಿ? ನಿಮ್ಮ ಬೆನ್ನೂ ನೋಯ್ತಿದೆಯಾ? ನಾಲ್ಕು ಸಲ ನೀವ್ಬೇಕಾ?"

ಕೋರಾಳ ಮುಖ ಸುಣ್ಣದ ಹಾಗಾಯಿತು. "ಭಾನುವಾರ ಎಲ್ರೂ ಚರ್ಚಿಗೆ ಹೋದಾಗ ಕರ್ಕೊಂಡ್ ಬರ್ತೀನಿ. ಈ ಬಾಗಿಲಿಂದ. ದಮ್ಮಯ್ಯ ಅಂತೀನಿ ಹುಲ್ಡಾ, ನಾನವತ್ತು ಮಾಡಿದ್ದು—"

"ನೀವು ಮಾಡಿದ್ದು ನಿಮ್ಗಿರ್ಲಿ. ಅವ್ರಿಗೆ ಹೇಳಿ, ಶನಿವಾರ ಬರ್ಬೇಕು. ಮುಂಬಾಗಿಲಿಂದ. ಸಾಲಲ್ಲಿ ಕೂತ್ಕೋಬೇಕು." ಹಿಟ್ಟಿನ ಕೈಯಲ್ಲೇ ಚೌಕಟ್ಟು ತೋರಿಸಿದಳು. "ಇನ್ನೊಂದು. ವೈದ್ಯರ ಲಿಖಿತ ಒಪ್ಪಿಗೆ ಬೇಕಂತೆ. ಊರ್ನೋರಿಗೆಲ್ಲ ನಾನು ಕಾನೂನು ಮುರೀತೀನಿ. ನಿಮ್ಮ ಯಜಮಾನ್ರಿಗೆ ಮಾತ್ರ ಮುರಿಯಲ್ಲ. ಮೊದ್ಲು ಅವ್ರು ಬರ್ಕೊಡ್ಲಿ."

ಆ ಮಾತನ್ನು ತಾನು ಎಲ್ಲಿ ಕೇಳಿದ್ದೆನೆಂದು ಕೋರಾಳಿಗೆ ನೆನಪಾಯಿತು. ಹಿತ್ತಿಲ ಬಾಗಿಲನ್ನು ಸದ್ದಿಲ್ಲದೆ ಎಳೆದುಕೊಂಡು ಹೋದಳು.

ಶನಿವಾರವೆಂದರೆ ಹಳ್ಳಿಯ ಜನವೆಲ್ಲ ಪೇಟೆಯಲ್ಲಿ. ಹುಲ್ಡಾಳ ಜಗಲಿಯ ಬೆಂಚಿನ ತುಂಬ ಗುಂಡಿ ಕೊರೆಯುವವರು. ಹತ್ತು ಗಂಟೆಗೆ ಪ್ರೇಥರ್ ಹೆಂಡತಿಯ ಹೆಗಲಿಗೆ ಜೋತುಬಿದ್ದು, ಮೂಗು ಮೊಣಕಾಲಿಗೆ ತಾಗುವಂತೆ ಬಗ್ಗಿಕೊಂಡು ಬೀದಿಯುದ್ದ ನಡೆದು ಬಂದರು. ಕ್ಷೌರದಂಗಡಿಯವನು ಅರ್ಧ ಗಡ್ಡ ಹೆರೆದವನನ್ನು ಬಿಟ್ಟು ಹೊರಗೆ ಬಂದು ನೋಡಿದ.

"ಬನ್ನಿ ಡಾಕ್ಟ್ರೇ ಬನ್ನಿ!" ಮುದುಕ ಗಸ್ ಟೀಲ್ ಬೆಂಚಿನಲ್ಲಿ ಸರಿದ. "ನೀವು ಆರನೆಯವ್ರು. ಎಲ್ಲಿ, ನಾಲಿಗೆ ತೋರ್ಸಿ ನೋಡೋಣ. ಅಯ್ಯೋ, ಇದು ನರದೌರ್ಬಲ್ಯ ಕಣ್ರಪ್ಪ! ಆರು ತಿಂಗ್ಳು ವಿಶ್ರಾಂತಿ ತಗೊಳ್ಳಿ."

ಜಗಲಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಪ್ರೇಥರ್ ತುಟಿ ಕಚ್ಚಿ ಒಂದೂವರೆ ತಾಸು ಕೂತರು. ಸರದಿ ಬಂದಾಗ ಹುಲ್ಡಾ ಬಾಗಿಲನ್ನು ತೆರೆದೇ ಇಟ್ಟಳು.

"ಬರೀರಿ," ಅಂದಳು.

ಅವರು ಜೇಬಿನಿಂದ ತಮ್ಮ ಔಷಧಿ ಚೀಟಿಯ ಪುಸ್ತಕ ತೆಗೆದರು. ಇಷ್ಟು ವರ್ಷದ ಅಭ್ಯಾಸ ನೋಡಿ, ಯಾವುದೋ ಹರಕು ಕಾಗದದಲ್ಲಿ ಗೀಚಿ ಕೊಡಬಹುದಿತ್ತು, ಆದರೆ ವೈದ್ಯನ ಕೈ ಜೇಬಿಗೇ ಹೋಯಿತು. ಮೇಲೆ ಅಚ್ಚು ಹಾಕಿದ ಹೆಸರು, ತಾರೀಖು, ರೋಗಿಯ ಹೆಸರು, ಕೆಳಗೆ ಸಹಿ, ಪರವಾನಗಿಯ ಸಂಖ್ಯೆ, ಯಾವುದನ್ನೂ ಬಿಡಲಿಲ್ಲ. ಹುಲ್ಡಾ ನಂಬಿ ಕೂತಿದ್ದು ಆ ಅಭ್ಯಾಸವನ್ನೇ. 'ಬೆನ್ನುಮೂಳೆಯ ಚಿಕಿತ್ಸೆಗಾಗಿ ಡಾಕ್ಟರ್ ಪ್ರೇಥರರನ್ನು ಶ್ರೀಮತಿ ರೀಮರರ ಬಳಿಗೆ ಕಳಿಸಿದೆ. ಸಹಿ, ಡಾಕ್ಟರ್ ಪ್ರೇಥರ್.'

"ಇದು ನಿನ್ನ ಹತ್ರಾನೇ ಇರುತ್ತೆ ತಾನೆ?" ಮೇಜಿನ ಸಂದಿನೊಳಗಿಂದ ಅವರ ದನಿ ಬಂತು.

"ಬಾಯ್ಮುಚ್ಚಿ ಮಲಗಿ. ಇಲ್ಲಿ ಮಾತಾಡೋಳು ನಾನು."

ಬೆರಳು ಇಳಿಯಿತು. ಸೊಂಟದ ಕೆಳಗಿನಿಂದ ಎರಡನೇ ಗೆಣ್ಣು, ಎಡಕ್ಕೆ. ಸುತ್ತಲಿನ ಸ್ನಾಯು ಹಲಗೆಯಂತೆ ಬಿಗಿದಿತ್ತು. ಹುಲ್ಡಾ ಅಂಗೈಯನ್ನು ಅದರ ಮೇಲಿಟ್ಟು ಸುಮ್ಮನೆ ನಿಂತಳು. ಅಂಗೈಯ ಕೆಳಗೆ ಆ ಮನುಷ್ಯ, ಕಣ್ಣಿಗೆ ನೆಲ ಬಿಟ್ಟು ಬೇರೇನೂ ಕಾಣದೆ, ಹೆದರಿ ಉಸಿರಾಡುತ್ತಿದ್ದ. ಒಂದೇ ಒಂದು ತಪ್ಪು ತಳ್ಳು. ಅಥವಾ ಏನೂ ಮಾಡದೆ, ಹೋಗಿ ಅನ್ನುವುದು. ಹಾಗೇ ಬಗ್ಗಿಕೊಂಡು ಬೀದಿಯುದ್ದ ವಾಪಸು ಹೋಗಲಿ. ಅವಳ ಕೈಗೆ ಅದು ಬೇಕಾಗಿತ್ತು, ಸುಳ್ಳೇಕೆ ಹೇಳಲಿ, ತೋಳೆಲ್ಲ ಬಿಸಿಯಾಗಿ ಬೇಕಾಗಿತ್ತು. ಆದರೆ ಬಗ್ಗಿದ ಪ್ರೇಥರ್ ಮಂಗಳವಾರ ಮನೆಯಲ್ಲಿ ಮಲಗುತ್ತಾರೆ. ಜನ ಪಾಪ ಅನ್ನುತ್ತಾರೆ. ಅವರ ಬದಲು ಇನ್ನೊಬ್ಬ ಡಾಕ್ಟರ್ ಹೋಗಿ ಮಾತಾಡುತ್ತಾನೆ. ಅವಳಿಗೆ ಬೇಕಾದ್ದು ನೆಟ್ಟಗೆ ನಿಂತ ಪ್ರೇಥರ್.

ಅವರನ್ನು ಬಲ ಮಗ್ಗುಲಿಗೆ ಹೊರಳಿಸಿದಳು, ಮೇಲಿನ ಮೊಣಕಾಲು ಮಡಿಸಿದಳು, ಅರ್ಧ ತಾಸು ಸ್ನಾಯುವನ್ನು ತಾಳ್ಮೆಯಿಂದ ಸಡಿಲಿಸಿದಳು. ಆಮೇಲೆ ಅವರು ಉಸಿರು ಬಿಟ್ಟ ಗಳಿಗೆ ನೋಡಿ ತಳ್ಳಿದಳು. ಜಗಲಿಯವರೆಗೂ ಸದ್ದು ಕೇಳಿಸಿತು. ಜೀವಮಾನದಲ್ಲಿ ಅಷ್ಟು ಶುದ್ಧವಾಗಿ ಅವಳು ಯಾರ ಮೂಳೆಯನ್ನೂ ಕೂರಿಸಿರಲಿಲ್ಲ. ಕ್ಯಾಸ್ಪರನದನ್ನೂ ಕೂಡ.

"ಏಳಿ. ನಿಧಾನ. ಮೂರು ದಿನ ಭಾರ ಎತ್ಬೇಡಿ, ರೈಲಲ್ಲಿ ಬೆನ್ನಿಗೆ ದಿಂಬು ಇಟ್ಕೊಳ್ಳಿ."

ಪ್ರೇಥರ್ ಎದ್ದು ನಿಂತರು. ಮೊದಲು ನಂಬಲಿಲ್ಲ. ಆಮೇಲೆ ಟೋಪಿ ಹಾಕಿಕೊಂಡು, ಜಗಲಿಯವರ ನಡುವೆ ಕಂಬದ ಹಾಗೆ ನೆಟ್ಟಗೆ ನಡೆದು ಹೋದರು. ಕೋರಾ ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದಳು. ಹುಲ್ಡಾ, "ಮುಂದಿನೋರು ಯಾರಪ್ಪಾ?" ಎಂದು ಕೂಗಿದಳು.

ಮಂಗಳವಾರ ಹುಲ್ಡಾ ಕಪ್ಪು ಉಡುಪಿನಲ್ಲಿ ಸಮಿತಿಯ ಕೋಣೆಯ ಮೊದಲ ಬೆಂಚಿನಲ್ಲಿ ಕೂತಿದ್ದಳು. ಅವಳನ್ನು ಕಂಡು ಪ್ರೇಥರ್ ಒಂದು ಗಳಿಗೆ ತಡವರಿಸಿದರು, ಆಮೇಲೆ ಗಂಟಲು ಸರಿಮಾಡಿಕೊಂಡು ಮುಕ್ಕಾಲು ತಾಸು ಮಾತಾಡಿದರು. ಒಂದು ಸಲವೂ ಕುರ್ಚಿ ಹಿಡಿಯಲಿಲ್ಲ. ಕೊನೆಗೆ ಮೇಜು ಗುದ್ದಿ, "ವಿದ್ಯೆ ಬಲ್ಲ ಯಾವ ಮನುಷ್ಯನೂ ತನ್ನ ಬೆನ್ನನ್ನು ಈ ಗುಂಡಿ ಕಾರ್ಖಾನೆಯ ಹೆಂಗಸರ ಕೈಗೆ ಕೊಡೋದಿಲ್ಲ!" ಅಂದರು. ಚಪ್ಪಾಳೆ ಬಿತ್ತು.

ಹುಲ್ಡಾ ಚಪ್ಪಾಳೆ ನಿಲ್ಲುವವರೆಗೆ ಕಾದು, ಎದ್ದು, ಚೀಟಿಯನ್ನು ಅಧ್ಯಕ್ಷರ ಕೈಗೆ ಕೊಟ್ಟಳು. ಅವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. ಓದಿ ಮುಗಿಸಿ, ತಾರೀಖನ್ನು ಮತ್ತೊಮ್ಮೆ ಓದಿದರು. "ಡಾಕ್ಟ್ರೇ, ಈ ಸಹಿ ನಿಮ್ದೇನಾ?"

ಮೊದಲು ಹಿಂದಿನ ಬೆಂಚಿನಲ್ಲೊಬ್ಬ ಕಿಸಕ್ಕೆಂದ. ಆಮೇಲೆ ಇಡೀ ಕೋಣೆ ನಕ್ಕಿತು. ಸಮಿತಿಯವರೂ ನಕ್ಕರು, ಚಪ್ಪಾಳೆ ತಟ್ಟಿದ ಡಾಕ್ಟರುಗಳೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಪರವಾನಗಿ ಕೊಡಬೇಕೆಂಬ ಮಸೂದೆ ಆ ದಿನವೇ ಸಮಿತಿ ದಾಟಿತು.

ಹೊರಗೆ ಓಣಿಯಲ್ಲಿ ಪ್ರೇಥರ್ ಗೋಡೆ ಹಿಡಿದು ನಿಂತಿದ್ದರು. ಜೊತೆಗೆ ಯಾರೂ ಇರಲಿಲ್ಲ. ಹುಲ್ಡಾ ಹತ್ತಿರ ಬಂದಾಗ ತಲೆಯೆತ್ತಿದರು.

"ಸಾಕಾಯ್ತಾ?" ಅಂದರು. "ಈಗ ಸಾಕಾಯ್ತಾ ನಿಂಗೆ?"

"ಸಾಕಾಗ್ಬೇಕಂದ್ರೆ ಕ್ಯಾಸ್ಪರ್ ಎದ್ದು ಬರ್ಬೇಕು ಡಾಕ್ಟ್ರೇ. ಬರಲ್ಲ." ಅವರ ಎಡ ಸೊಂಟ ಮೇಲೆದ್ದಿತ್ತು, ಕೋಟಿನ ಅಂಚು ಓರೆಯಾಗಿ ತೂಗುತ್ತಿತ್ತು. ಬೆರಳು ಇಡದೆಯೇ ಅವಳಿಗೆ ತಿಳಿಯಿತು. "ಮತ್ತೆ ಜಾರಿದೆ. ಶನಿವಾರ ಬನ್ನಿ, ಕೂರಿಸ್ತೀನಿ."

ರೈಲಿನ ಕಡೆಗೆ ನಾಲ್ಕು ಹೆಜ್ಜೆ ನಡೆದವಳು ತಿರುಗಿದಳು.

"ಮುಂಬಾಗಿಲಿಂದ."