ಓ ಪಾಸಿಟಿವ್ ಯಾರೂ ಇಲ್ಲ

ಮಸ್ಕತ್ತಿನ ಅಲ್ ಗುಬ್ರಾದ ನಮ್ಮ ಕನ್ನಡ ಕೂಟಕ್ಕೆ ರಕ್ತದಾನಿಗಳ ಒಂದು ವೆಬ್ ಪುಟ ಮಾಡಿಕೊಟ್ಟವಳು ನಾನೇ. ಅದಕ್ಕೆ ಮೊದಲು ಯಾರಿಗಾದರೂ ರಕ್ತ ಬೇಕಾದರೆ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬರುತ್ತಿತ್ತು. ಅದರ ಕೆಳಗೆ ಐವತ್ತು ಜನ ಕೈಮುಗಿಯುವ ಚಿತ್ರ ಹಾಕುತ್ತಿದ್ದರು. ಆ ಕೈಗಳ ನಡುವೆ ನಿಜವಾಗಿ ರಕ್ತ ಕೊಡುವವರು ಯಾರೆಂದು ಹುಡುಕುವುದೇ ಒಂದು ಕೆಲಸವಾಗಿತ್ತು. ನನಗೆ ರೇಗಿಹೋಯಿತು. ರಜೆಯ ಎರಡು ಶುಕ್ರವಾರ ಕೂತು ಎಲ್ಲರ ಹೆಸರು, ಫೋನು, ರಕ್ತದ ಗುಂಪು ಸೇರಿಸಿ, ಗುಂಪನ್ನು ಟೈಪ್ ಮಾಡಿದರೆ ದಾನಿಗಳ ಪಟ್ಟಿ ಬರುವ ಹಾಗೆ ಮಾಡಿದೆ. ಧಾರವಾಡದ ಕಡೆಯವಳಾದ ನನಗೆ ಸಿಟ್ಟು ಮೂಗಿನ ತುದಿಯಲ್ಲೇ, ಹೆಮ್ಮೆಯೂ ಅದರ ಪಕ್ಕದಲ್ಲೇ.

ಪುಟವನ್ನು ಪರೀಕ್ಷಿಸಿಯೇ ಕೊಟ್ಟಿದ್ದೆ. ಓ ನೆಗೆಟಿವ್ ಸರಿ, ಬಿ ನೆಗೆಟಿವ್ ಸರಿ, ಎಬಿ ನೆಗೆಟಿವ್ ಕೂಡ ಸರಿ. ಗುಂಪಿನಲ್ಲಿ ಗೋಳು ಕೇಳಿಬರುತ್ತಿದ್ದದ್ದು ನೆಗೆಟಿವ್‌ನವರದ್ದು ಮಾತ್ರ. ಪಾಸಿಟಿವ್ ಎಂದರೆ ‘ಸಿಗ್ತದೆ ಬಿಡಿ’ ಎನ್ನುವುದು ಇಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಹಾಗಾಗಿ ಅದನ್ನು ಹುಡುಕಿ ನೋಡುವ ಯೋಚನೆ ನನಗೂ ಬರಲಿಲ್ಲ.

ಮೂರು ವಾರ ಕಳೆದಿತ್ತು. ಶುಕ್ರವಾರ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಪಕ್ಕದ ಊರು ಬರ್ಕಾದಿಂದ ಫೋನ್ ಬಂತು. ಅಲ್ಲಿಯ ಒಂದು ಗೋದಾಮಿನಲ್ಲಿ ಕೆಲಸ ಮಾಡುವ, ಉಡುಪಿ ಕಡೆಯ ಕೊಂಕಣಿ ಮಾತಿನವರು. ಕೂಟದ ಕಾರ್ಯಕ್ರಮಗಳಲ್ಲಿ ಕುರ್ಚಿ ಜೋಡಿಸುವಾಗ ಒಂದೆರಡು ಸಲ ಕಂಡಿದ್ದೆ. ಅವರ ಹೆಂಡತಿಗೆ ಭಾನುವಾರ ಗರ್ಭಕೋಶದ ಆಪರೇಷನ್ ಇತ್ತು. ಶನಿವಾರದೊಳಗೆ ಓ ಪಾಸಿಟಿವ್‌ನ ಇಬ್ಬರನ್ನು ಕರೆತನ್ನಿ, ಇಲ್ಲದಿದ್ದರೆ ಮುಂದಕ್ಕೆ ಹಾಕಬೇಕಾಗುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಂತೆ. ಆಕೆಗೆ ಆಗಲೇ ರಕ್ತ ಹೋಗಿ ಹೋಗಿ ಎದ್ದು ನಿಲ್ಲುವ ಶಕ್ತಿಯೂ ಇರಲಿಲ್ಲ.

“ನಿಮ್ಮ ಪೇಜಲ್ಲಿ ಯಾರೂ ಇಲ್ಲ ಅಂತ ಬರ್ತದೆ ಮೇಡಂ,” ಎಂದರು. “ಬೇರೆ ಯಾರಾದ್ರೂ ನಿಮಗೆ ಗೊತ್ತುಂಟಾ ಅಂತ ಕೇಳ್ಲಿಕ್ಕೆ ಫೋನ್ ಮಾಡಿದ್ದು.”

“ಯಾರೂ ಇಲ್ಲ ಅಂದ್ರ ಹೆಂಗ್ರೀ? ನೀವು ಸರಿಯಾಗಿ ಟೈಪ್ ಮಾಡಿಲ್ಲ. ಓ ಬರೀರಿ, ಪ್ಲಸ್ ಹಾಕ್ರಿ, ನಡುವ ಜಾಗ ಬಿಡಬ್ಯಾಡ್ರಿ.”

“ಹಾಗೇ ಮಾಡಿದ್ದು ಮೇಡಂ. ಬುಧವಾರದಿಂದ ನೋಡ್ತಾ ಇದ್ದೇನೆ.”

“ಮತ್ತೊಮ್ಮೆ ಮಾಡ್ರಿ,” ಎಂದು ದಬಾಯಿಸಿದೆ. ಪಾಪ, ಮತ್ತೊಮ್ಮೆ ಮಾಡಿದರು. “ಇಲ್ಲ ಮೇಡಂ, ಸಾರಿ,” ಎಂದರು, ತಪ್ಪು ತಮ್ಮದೇ ಎಂಬಂತೆ.

ಹಿಟ್ಟಿನ ಕೈ ಒರೆಸಿಕೊಂಡು ಲ್ಯಾಪ್‌ಟಾಪ್ ತೆಗೆದು O+ ಎಂದು ಒತ್ತಿದೆ. ಯಾರೂ ಇಲ್ಲ. ಆದರೆ ನಾನೇ ಓ ಪಾಸಿಟಿವ್, ಪಟ್ಟಿಗೆ ಮೊಟ್ಟಮೊದಲು ಸೇರಿಸಿದ್ದೇ ನನ್ನ ಹೆಸರನ್ನು.

ಹುಡುಕಾಟಕ್ಕೆ ನಾನು ಬಳಸಿದ್ದು ಜಾವಾಸ್ಕ್ರಿಪ್ಟಿನ ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಅಕ್ಷರಗಳ ಮಾದರಿ ಕೊಟ್ಟು ಹುಡುಕಿಸುವ ವಿಧಾನ. ಅಲ್ಲಿ ಪ್ಲಸ್ ಬರೀ ಚಿಹ್ನೆಯಲ್ಲ, ಒಂದು ಅಪ್ಪಣೆ: ಹಿಂದಿನ ಅಕ್ಷರ ಒಂದು ಸಲವೋ ಹಲವು ಸಲವೋ ಬರಲಿ ಎಂದು. ಮಾದರಿಗೆ ಪೂರ್ತಿ ಹೊಂದಿದ್ದನ್ನು ಮಾತ್ರ ತೋರಿಸು ಎಂದು ನಾನು ಬರೆದಿದ್ದರಿಂದ, ನಾವು O+ ಎಂದರೆ ಅದು O, OO, OOO ಎಂಬ ಗುಂಪಿನವರನ್ನು ಹುಡುಕುತ್ತಿತ್ತು. ಬರೀ O ಎಂದು ಬರೆಸಿದವರು ಪಟ್ಟಿಯಲ್ಲಿಲ್ಲ, OO ರಕ್ತದವರು ಲೋಕದಲ್ಲೇ ಇಲ್ಲ. ಮೈನಸ್‌ಗೆ ಅಲ್ಲಿ ಅಂಥ ಅಧಿಕಾರವಿಲ್ಲ, ಅದಕ್ಕೇ ನನ್ನ ಪರೀಕ್ಷೆ ಪಾಸಾಗಿತ್ತು. ಪ್ಲಸ್ಸನ್ನು ಮತ್ತೆ ಬರೀ ಚಿಹ್ನೆಯಾಗಿಸಲು ಅದಕ್ಕೆ ಮೊದಲು ಬ್ಯಾಕ್‌ಸ್ಲ್ಯಾಶ್ ಎಂಬ ಒಂದು ಓರೆಗೆರೆ ಇಡಬೇಕು. ಅವಸರದಲ್ಲಿ ಒಂದು ಇಟ್ಟೆ. ಆಗಲೂ ಯಾರೂ ಇಲ್ಲ. ಉದ್ಧರಣ ಚಿಹ್ನೆಗಳ ಒಳಗೆ ಬರೆದ ಒಂಟಿ ಬ್ಯಾಕ್‌ಸ್ಲ್ಯಾಶನ್ನು ಜಾವಾಸ್ಕ್ರಿಪ್ಟ್ ತಾನೇ ನುಂಗಿಬಿಡುತ್ತದೆ. ಒಂದು ಉಳಿಯಬೇಕಾದರೆ ಎರಡು ಬರೆಯಬೇಕು. ನಮ್ಮ ಸಾಫ್ಟ್‌ವೇರ್ ಆಫೀಸಿನಲ್ಲಿ ಹೊಸಬರಿಗೆ ಇದನ್ನೇ ಗದರಿಸಿ ಕಲಿಸುವವಳು ನಾನು. ಎರಡು ಇಟ್ಟೆ. ನಲವತ್ತೊಂದು ಹೆಸರು ಬಂದವು.

ಶನಿವಾರ ಬೆಳಿಗ್ಗೆ ನಾನೂ ಪಟ್ಟಿಯಲ್ಲಿದ್ದ ಇನ್ನೊಬ್ಬರೂ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟೆವು. ಹೊರಗೆ ಬಂದಾಗ ಫೋನ್ ಮಾಡಿದ್ದವರು ನಮಗಾಗಿ ಜ್ಯೂಸ್ ಹಿಡಿದು ನಿಂತಿದ್ದರು.

“ತಪ್ಪು ನಂದೇ ರೀ. ನಿಮ್ಮನ್ನ ಸುಮ್ಮನ ಬೈದೆ,” ಎಂದೆ.

“ಅದು ಬಿಡಿ ಮೇಡಂ, ರಕ್ತ ಸಿಕ್ಕಿತಲ್ಲ.” ಜ್ಯೂಸನ್ನು ನನ್ನ ಕೈಗಿಡುತ್ತ ಹೇಳಿದರು: “ನಾನೊಂದು ಮಾಡಬಾರದ್ದು ಮಾಡಿದೆ. ಆ ಯಾರೂ ಇಲ್ಲ ಅಂತ ಬಂದದ್ದನ್ನ ಇವಳಿಗೆ ತೋರಿಸಿದೆ. ಇಪ್ಪತ್ತು ವರ್ಷ ಆಯ್ತು ನಾವು ಇಲ್ಲಿಗೆ ಬಂದು, ನಮ್ಮವರು ಅಂತ ಒಬ್ರೂ ಇಲ್ವಾ ಅಂತ ಕೇಳಿದ್ಳು. ಅವತ್ತಿಂದ ಮಾತಿಲ್ಲ.”

ರಕ್ತ ಕೊಟ್ಟು ಮುಗಿಸಿದೆ ಎಂದುಕೊಂಡಿದ್ದೆ, ಮುಗಿದಿರಲಿಲ್ಲ.

ವಾರ್ಡಿನಲ್ಲಿ ಆಕೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಸಮಾಧಾನ ಹೇಳುವ ಮಾತು ನನಗೆ ಬರುವುದಿಲ್ಲ. ಫೋನಿನಲ್ಲಿ ಪುಟ ತೆರೆದು, O+ ಒತ್ತಿ, ಅವರ ಕೈಗೆ ಕೊಟ್ಟೆ. ಅವರು ಬೆರಳಿನಿಂದ ನಿಧಾನಕ್ಕೆ ಸರಿಸುತ್ತ ಹೋದರು. ಒಂದು ಕಡೆ ಬೆರಳು ನಿಂತಿತು.

“ಇವರು ನಮ್ಮ ಕೆಳಗಿನ ಮನೆಯವ್ರು,” ಎಂದರು. ಇನ್ನಷ್ಟು ಸರಿಸಿ, “ಇವರ ಮಗುವಿನ ಬರ್ತ್‌ಡೇಗೆ ನಾನೇ ಕೇಕ್ ಮಾಡಿ ಕೊಟ್ಟದ್ದು,” ಎಂದರು. ಕೊನೆಯ ಹೆಸರಿನವರೆಗೂ ಓದಿ ನನ್ನ ಕಡೆ ತಿರುಗಿದರು.

“ಇವರೆಲ್ಲ ನಿನ್ನೆ ಸೇರಿದ್ದಾ ಮೇಡಂ?”

“ಇಲ್ರೀ. ಮೊದಲಿಂದನೂ ಇದ್ರು. ನಾನು ಕಾಣದಂಗ ಮಾಡಿದ್ದೆ.”

ಆಕೆ ಫೋನ್ ವಾಪಸ್ ಕೊಡಲಿಲ್ಲ. ಪಟ್ಟಿಯನ್ನು ಮೇಲಕ್ಕೆ ಸರಿಸಿ, ಮತ್ತೆ ಮೊದಲ ಹೆಸರಿನಿಂದ ಓದತೊಡಗಿದರು.